'ನೆಟ್ ಇಲ್ಲ' ಎಂಬ ಉತ್ತರದ ಹಿಂದೆ: ಪಂಚಾಯಿತಿ ಕಚೇರಿಯ ತಂತಿಜಾಲ ಮತ್ತು ಅದರ ದೋಷಶೋಧನೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಪಂಚಾಯಿತಿ ಕಚೇರಿಯ ಮೆಟ್ಟಿಲು ಹತ್ತಿದವರ ಕಿವಿಗೆ ಮತ್ತೆ ಮತ್ತೆ ಬೀಳುವ ಮಾತು 'ನೆಟ್ ಇಲ್ಲ, ನಾಳೆ ಬನ್ನಿ' ಎಂಬುದು. ಬ್ಯಾಂಕಿನ ಸಾಲಕ್ಕಾಗಿ ಇ-ಸ್ವತ್ತಿನ ನಮೂನೆ 9 ಮತ್ತು 11 ಬೇಕಾಗಿ ಬಂದ ವೃದ್ಧೆಗೆ ಆ ಒಂದು 'ನಾಳೆ' ಎಂದರೆ ಒಂದು ದಿನದ ಕೂಲಿಯ ನಷ್ಟ. ಉದ್ಯೋಗ ಖಾತರಿ ಕಾಮಗಾರಿಯ ಹಾಜರಿ ಪಟ್ಟಿ ಸಕಾಲದಲ್ಲಿ ತಂತ್ರಾಂಶಕ್ಕೆ ಏರದಿದ್ದರೆ ಮಣ್ಣು ಹೊತ್ತವರ ಖಾತೆಗೆ ಹಣ ತಡವಾಗಿ ಸೇರುತ್ತದೆ. ತೆರಿಗೆ ಕಟ್ಟಲು ತಾನಾಗಿ ಬಂದವನು ರಸೀದಿ ಸಿಗದೆ ಹಿಂದಿರುಗಿದರೆ ಆತ ಮತ್ತೆ ಯಾವಾಗ ಬರುತ್ತಾನೋ ಹೇಳಲಾಗದು. ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ವ್ಯಾಪ್ತಿಗೆ ಬರುವ ಸೇವೆಯಾದರೆ ಅರ್ಜಿ ಸ್ವೀಕರಿಸಿದ ದಿನದಿಂದಲೇ ಕಾಲಮಿತಿಯ ಗಡಿಯಾರ ಓಡತೊಡಗುತ್ತದೆ. ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಪರಿಹಾರ ವೆಚ್ಚ ಕೇಳುವ ಹಕ್ಕು ನಾಗರಿಕರಿಗಿದೆ. ಕಚೇರಿಯ ಮೂಲೆಯಲ್ಲಿ ಇಲಿ ಕಡಿದ ತಂತಿ ಅರ್ಜಿದಾರರ ತಪ್ಪಲ್ಲ.

ಹೀಗಿದ್ದರೂ ಈ ತೊಂದರೆಯನ್ನು ಬರಗಾಲದಂತೆ, ಆಲಿಕಲ್ಲು ಮಳೆಯಂತೆ ಕೈಮೀರಿದ ಸಂಗತಿಯೆಂದು ಭಾವಿಸುವುದು ರೂಢಿಯಾಗಿದೆ. 'ಸರ್ವರ್ ಡೌನ್' ಎಂದರೆ ಮುಗಿಯಿತು, ಮುಂದೆ ಪ್ರಶ್ನೆಯೇ ಇಲ್ಲ. ವಾಸ್ತವದಲ್ಲಿ ಬಹಳಷ್ಟು ವೇಳೆ ದೋಷವಿರುವುದು ದೂರದ ಸರ್ವರಿನಲ್ಲಲ್ಲ. ಕಚೇರಿಯ ನಾಲ್ಕು ಗೋಡೆಗಳ ನಡುವೆ, ಮೇಜಿನ ಕೆಳಗೆ, ಧೂಳು ಹಿಡಿದ ಒಂದು ಪೆಟ್ಟಿಗೆಯ ಹಿಂಬದಿಯಲ್ಲಿ. ಸದಸ್ಯರು ತಂತಿ ಹಿಡಿದು ದುರಸ್ತಿ ಮಾಡಬೇಕೆಂದು ಯಾರೂ ನಿರೀಕ್ಷಿಸುವುದಿಲ್ಲ. ಆದರೆ ಸರಿಯಾದ ಪ್ರಶ್ನೆ ಕೇಳುವುದು, ಬಂದ ಬಿಲ್ಲಿನಲ್ಲಿ ಬರೆದ ಕೆಲಸ ನಿಜವಾಗಿಯೂ ಬೇಕಿತ್ತೇ ಎಂದು ತೂಗಿನೋಡುವುದು ಸದಸ್ಯರ ಕರ್ತವ್ಯದೊಳಗೇ ಬರುತ್ತದೆ. ಅಷ್ಟಕ್ಕೆ ಬೇಕಾದ ತಿಳಿವಳಿಕೆ ದೊಡ್ಡದೇನಲ್ಲ.

ಮೊದಲಿಗೆ ಜಾಲದ ರಚನೆಯನ್ನು ನೋಡಬಹುದು. ಕೇಂದ್ರ ಸರ್ಕಾರವು 2011ರಲ್ಲಿ ಒಪ್ಪಿಗೆ ನೀಡಿದ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲ ಯೋಜನೆಗೆ 2015ರಲ್ಲಿ ಭಾರತ್‌ನೆಟ್ ಎಂಬ ಹೆಸರು ಬಂದಿತು. ಈ ಯೋಜನೆಯಲ್ಲಿ ತಾಲ್ಲೂಕು ಕೇಂದ್ರದಿಂದ ಪಂಚಾಯಿತಿಯವರೆಗೆ ಬರುವುದು ಕೂದಲೆಳೆಯಂಥ ಗಾಜಿನ ತಂತಿ. ಅದರಲ್ಲಿ ಹರಿಯುವುದು ವಿದ್ಯುತ್ತಲ್ಲ, ಬೆಳಕು. ಆ ಬೆಳಕನ್ನು ಕಂಪ್ಯೂಟರಿಗೆ ತಿಳಿಯುವ ವಿದ್ಯುತ್ ಸಂಕೇತವಾಗಿ ಬದಲಿಸುವ ಸಣ್ಣ ಪೆಟ್ಟಿಗೆಯೇ ಒಎನ್‌ಟಿ. ಅಲ್ಲಿಂದ ಒಂದು ತಂತಿ ರೌಟರಿಗೆ ಅಥವಾ ನೇರವಾಗಿ ಸ್ವಿಚ್ಚಿಗೆ ಹೋಗುತ್ತದೆ. ಸ್ವಿಚ್ ಎಂದರೆ ಗೋಡೆಯ ಮೇಲಿನ ದೀಪದ ಸ್ವಿಚ್ಚಲ್ಲ. ಐದೋ ಎಂಟೋ ಕಿಂಡಿಗಳಿರುವ, ಒಂದು ತಂತಿಯ ಸಂಪರ್ಕವನ್ನು ಹಲವು ಯಂತ್ರಗಳಿಗೆ ಹಂಚುವ ಪೆಟ್ಟಿಗೆ. ಸ್ವಿಚ್ಚಿನಿಂದ ಪ್ರತಿ ಕಂಪ್ಯೂಟರಿಗೂ ಪ್ರಿಂಟರಿಗೂ ಒಂದೊಂದು ತಂತಿ. ಬೇರೆ ಸಂಸ್ಥೆಯ ಸಂಪರ್ಕ ಪಡೆದಿರುವ ಪಂಚಾಯಿತಿಗಳಲ್ಲಿ ಮೊದಲ ಪೆಟ್ಟಿಗೆ ಬೇರೆಯಿರಬಹುದು, ಉಳಿದ ವ್ಯವಸ್ಥೆ ಇದೇ.

ನೀರು ಸರಬರಾಜಿನ ವ್ಯವಹಾರ ಬಲ್ಲ ಸದಸ್ಯರಿಗೆ ಇದು ಹೊಸ ವಿಷಯವಾಗಬೇಕಿಲ್ಲ. ಕೊಳವೆಬಾವಿಯಿಂದ ಓವರ್‌ಹೆಡ್ ಟ್ಯಾಂಕು, ಟ್ಯಾಂಕಿನಿಂದ ಬೀದಿಯ ಕೊಳವೆ, ಗೇಟ್ ವಾಲ್ವ್, ಕೊನೆಗೆ ಮನೆಯ ನಲ್ಲಿ. ಒಂದು ಮನೆಯಲ್ಲಿ ನೀರಿಲ್ಲವೆಂಬ ದೂರು ಬಂದಾಗ ನೀರಗಂಟಿ ಮೊದಲು ಟ್ಯಾಂಕು ಹತ್ತುವುದಿಲ್ಲ. ಪಕ್ಕದ ಮನೆಯವರನ್ನು ಕೇಳುತ್ತಾನೆ. ಪಕ್ಕದಲ್ಲಿ ನೀರು ಬರುತ್ತಿದ್ದರೆ ದೋಷ ಆ ಮನೆಯ ಕೊಳವೆಯಲ್ಲಿ. ಇಡೀ ಬೀದಿಗೆ ಇಲ್ಲದಿದ್ದರೆ ವಾಲ್ವಿನಲ್ಲಿ. ಊರಿಗೇ ಇಲ್ಲದಿದ್ದರೆ ಮೋಟಾರಿನಲ್ಲೋ ಟ್ಯಾಂಕಿನಲ್ಲೋ. ತಂತಿಜಾಲದ ದೋಷಶೋಧನೆಯ ಮೂಲ ಸೂತ್ರವೂ ಇಷ್ಟೇ. 'ನೆಟ್ ಇಲ್ಲ' ಎಂದಾಗ ಕೇಳಬೇಕಾದ ಮೊದಲ ಪ್ರಶ್ನೆ: ಒಂದು ಕಂಪ್ಯೂಟರಿಗೆ ಇಲ್ಲವೋ, ಎಲ್ಲಕ್ಕೂ ಇಲ್ಲವೋ? ಈ ಒಂದು ಪ್ರಶ್ನೆಗೆ ಉತ್ತರ ದೊರೆತರೆ ಹುಡುಕಬೇಕಾದ ಜಾಗದ ಅರ್ಧ ಭಾಗ ಬಿಟ್ಟುಹೋಗುತ್ತದೆ. ವಿಚಿತ್ರವೆಂದರೆ ಈ ಪ್ರಶ್ನೆಯನ್ನು ಕೇಳದೆಯೇ ಕಂಪ್ಯೂಟರನ್ನು ಬಿಚ್ಚಿ ಪಟ್ಟಣದ ಅಂಗಡಿಗೆ ಹೊತ್ತೊಯ್ಯುವುದುಂಟು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಎಂಬ ಗಾದೆ ಇಂಥ ಸಂದರ್ಭಕ್ಕೆ ಚೆನ್ನಾಗಿ ಒಪ್ಪುತ್ತದೆ.

ಎಲ್ಲ ಕಂಪ್ಯೂಟರುಗಳಿಗೂ ಸಂಪರ್ಕವಿಲ್ಲದಿದ್ದರೆ ನೋಡಬೇಕಾದುದು ಒಎನ್‌ಟಿ ಪೆಟ್ಟಿಗೆಯ ದೀಪಗಳನ್ನು. ಪವರ್ ದೀಪ ಉರಿಯದಿದ್ದರೆ ಅದಕ್ಕೆ ವಿದ್ಯುತ್ತೇ ಬರುತ್ತಿಲ್ಲ; ಅಡಾಪ್ಟರ್ ಸುಟ್ಟಿರಬಹುದು, ಪ್ಲಗ್ ಸಡಿಲವಾಗಿರಬಹುದು, ಗುಡಿಸುವಾಗ ಯಾರೋ ಸ್ವಿಚ್ ಆರಿಸಿರಬಹುದು. ಪಾನ್ ಎಂಬ ದೀಪ ಸ್ಥಿರವಾಗಿ ಹಸಿರಾಗಿದ್ದರೆ ತಾಲ್ಲೂಕು ಕೇಂದ್ರದ ಯಂತ್ರದೊಡನೆ ಸಂಪರ್ಕ ಕೂಡಿದೆ ಎಂದರ್ಥ. ಮಿನುಗುತ್ತಿದ್ದರೆ ಅದು ಇನ್ನೂ ಪ್ರಯತ್ನಿಸುತ್ತಿದೆ. ಲಾಸ್ ಎಂಬ ದೀಪ ಕೆಂಪಾಗಿ ಹೊತ್ತಿದರೆ ಗಾಜಿನ ತಂತಿಯಲ್ಲಿ ಬೆಳಕು ಬರುತ್ತಿಲ್ಲ ಅಥವಾ ತೀರ ಕ್ಷೀಣವಾಗಿದೆ. ಈ ಕೊನೆಯ ಸ್ಥಿತಿಯಲ್ಲಿ ಕಚೇರಿಯವರು ಮಾಡಬಹುದಾದುದು ಎರಡೇ: ಪೆಟ್ಟಿಗೆಯ ಬಳಿ ಗಾಜಿನ ತಂತಿ ಚೂಪಾಗಿ ಬಗ್ಗಿದೆಯೇ, ಯಾವುದಾದರೂ ಕಡತದ ಕಟ್ಟಿನ ಕೆಳಗೆ ಸಿಕ್ಕಿದೆಯೇ ಎಂದು ನೋಡಿ ಸಡಿಲಿಸುವುದು, ಬಳಿಕ ದೂರು ದಾಖಲಿಸುವುದು. ಗಾಜಿನ ತಂತಿಯನ್ನು ತಾಮ್ರದ ತಂತಿಯಂತೆ ಮಡಚಿ ಕಟ್ಟಿದರೆ ಬೆಳಕು ತಿರುವಿನಲ್ಲೇ ಸೋರಿಹೋಗುತ್ತದೆ. ಅದರ ತುದಿಯನ್ನು ಕಳಚಿ ಕಣ್ಣಿನ ಹತ್ತಿರ ಹಿಡಿದು ನೋಡುವ ಕುತೂಹಲ ಸಲ್ಲದು. ಆ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಹಾನಿ ಮಾಡಬಲ್ಲದು.

ಗಾಜಿನ ತಂತಿ ಹೊರಗೆ ಎಲ್ಲೋ ತುಂಡಾಗಿದ್ದರೆ ಅದಕ್ಕೆ ಕಾರಣ ಹಲವು ಬಾರಿ ಪಂಚಾಯಿತಿಯದೇ ಕಾಮಗಾರಿಯಾಗಿರುತ್ತದೆ ಎಂಬುದನ್ನು ಸ್ವಲ್ಪ ಕಸಿವಿಸಿಯಿಂದಲೇ ಒಪ್ಪಬೇಕು. ಮನೆ ಮನೆಗೆ ನಲ್ಲಿ ಹಾಕಲು, ಚರಂಡಿ ತೆಗೆಯಲು ಜೆಸಿಬಿ ಬಂದಾಗ ರಸ್ತೆಬದಿಯ ಮಣ್ಣಿನೊಳಗೆ ಏನಿದೆಯೆಂದು ಕೇಳುವವರು ವಿರಳ. ಬೆಳಿಗ್ಗೆ ಒಂದು ವಾರ್ಡಿಗೆ ನೀರು ಕೊಡಲು ಅಗೆದ ಕಾಲುವೆ ಸಂಜೆಯ ವೇಳೆಗೆ ಇಡೀ ಪಂಚಾಯಿತಿಯ ಸಂಪರ್ಕ ಕಡಿದಿರುತ್ತದೆ. ನೆಲ ಅಗೆಯುವ ಮುನ್ನ ಅಲ್ಲಿ ತಂತಿ, ಕೊಳವೆ ಹೊಂದಿರುವ ಸಂಸ್ಥೆಗಳಿಗೆ ಮಾಹಿತಿ ನೀಡುವ ಸಲುವಾಗಿ ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ 'ಕಾಲ್ ಬಿಫೋರ್ ಯು ಡಿಗ್' ಎಂಬ ಮೊಬೈಲ್ ಆ್ಯಪ್ ಬಿಡುಗಡೆ ಮಾಡಿದೆ. ಕಾಮಗಾರಿ ಆದೇಶದಲ್ಲಿ ಗುತ್ತಿಗೆದಾರರು ಇದನ್ನು ಬಳಸಬೇಕೆಂಬ ಒಂದು ಸಾಲು ಸೇರಿಸುವುದಕ್ಕೆ ಪಂಚಾಯಿತಿಗೆ ಖರ್ಚೇನೂ ಬರುವುದಿಲ್ಲ. ಆ ವಾರ್ಡಿನ ಸದಸ್ಯರು ಅಗೆತದ ದಿನ ಸ್ಥಳದಲ್ಲಿದ್ದರೆ ಇನ್ನೂ ಒಳ್ಳೆಯದು.

ಒಎನ್‌ಟಿ ದೀಪಗಳು ಸರಿಯಾಗಿದ್ದೂ ಎಲ್ಲರಿಗೂ ಸಂಪರ್ಕವಿಲ್ಲವಾದರೆ ಸರದಿ ಸ್ವಿಚ್ಚಿನದು. ಕಂಪ್ಯೂಟರುಗಳಿಗೆ ಯುಪಿಎಸ್ ಇರುತ್ತದೆ, ಸ್ವಿಚ್ಚನ್ನು ಮಾತ್ರ ಗೋಡೆಯ ಸಾಕೆಟ್ಟಿಗೆ ನೇರವಾಗಿ ಸಿಕ್ಕಿಸಿರುತ್ತಾರೆ. ವಿದ್ಯುತ್ ಹೋದಾಗ ಕಂಪ್ಯೂಟರ್ ಉರಿಯುತ್ತಲೇ ಇದ್ದು ಸಂಪರ್ಕ ಮಾತ್ರ ಸಾಯುವುದಕ್ಕೆ ಕಾರಣ ಇದು. ಒಎನ್‌ಟಿ ಮತ್ತು ಸ್ವಿಚ್ ಎರಡನ್ನೂ ಯುಪಿಎಸ್‌ಗೆ ಸೇರಿಸುವುದು ಐದು ನಿಮಿಷದ ಕೆಲಸ, ಇವೆರಡೂ ಹೀರುವ ವಿದ್ಯುತ್ ಅತ್ಯಲ್ಪ.

ಇನ್ನು ಒಂದೇ ಕಂಪ್ಯೂಟರಿಗೆ ಸಂಪರ್ಕವಿಲ್ಲದ ಸ್ಥಿತಿ. ಇಲ್ಲಿ ವಿಷಯ ಹೆಚ್ಚು ಸ್ವಾರಸ್ಯಕರ, ತಪ್ಪು ನಿರ್ಧಾರಗಳಿಗೆ ಅವಕಾಶವೂ ಹೆಚ್ಚು. ಕಂಪ್ಯೂಟರಿನ ಹಿಂದೆ ತಂತಿ ಸೇರುವ ಕಿಂಡಿಯ ಪಕ್ಕದಲ್ಲಿ ಒಂದು ಪುಟ್ಟ ದೀಪವಿದೆ. ಸ್ವಿಚ್ಚಿನಲ್ಲಿಯೂ ಆ ತಂತಿಗೆ ಸಂಬಂಧಿಸಿದ ಒಂದು ದೀಪವಿದೆ. ಎರಡೂ ಆರಿದ್ದರೆ ತಂತಿಯಲ್ಲಿ, ಪ್ಲಗ್ಗಿನಲ್ಲಿ ಅಥವಾ ಕಿಂಡಿಯಲ್ಲಿ ದೋಷ. ಕಂಪ್ಯೂಟರಿನ ತಂತ್ರಾಂಶವನ್ನು ಮುಟ್ಟುವ ಅಗತ್ಯವೇ ಇಲ್ಲ. ಇದನ್ನು ಖಚಿತಪಡಿಸಿಕೊಳ್ಳಲು ಯಾವ ಉಪಕರಣವೂ ಬೇಡ. ಕೆಲಸ ಮಾಡುತ್ತಿರುವ ಪಕ್ಕದ ಕಂಪ್ಯೂಟರಿನ ತಂತಿಯನ್ನು ಕಳಚಿ ಈ ಕಂಪ್ಯೂಟರಿಗೆ ಸಿಕ್ಕಿಸಿ ನೋಡಬೇಕು. ಸಂಪರ್ಕ ಬಂದರೆ ಕಂಪ್ಯೂಟರ್ ನಿರ್ದೋಷಿ. ನಂತರ ಹಳೆಯ ತಂತಿಯನ್ನು ಮತ್ತೆ ಜೋಡಿಸಿ, ಅದರ ಇನ್ನೊಂದು ತುದಿಯನ್ನು ಸ್ವಿಚ್ಚಿನ ಬೇರೆ ಕಿಂಡಿಗೆ ಹಾಕಿ ನೋಡಬೇಕು. ಆಗ ಬಂದರೆ ಹಾಳಾದದ್ದು ಸ್ವಿಚ್ಚಿನ ಕಿಂಡಿ, ಬಾರದಿದ್ದರೆ ತಂತಿ. ಒಂದು ಬಾರಿಗೆ ಒಂದನ್ನೇ ಬದಲಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ರೋಗ ಹೋಗಬಹುದು, ಯಾವ ಮದ್ದಿನಿಂದ ಹೋಯಿತೆಂಬುದು ತಿಳಿಯುವುದಿಲ್ಲ.

ಈ ತಂತಿಯೊಳಗೆ ಎಂಟು ಎಳೆಗಳಿವೆ. ಎರಡೆರಡಾಗಿ ಹೆಣೆದ ನಾಲ್ಕು ಜೋಡಿಗಳು. ಜಡೆಯಂತೆ ಹೆಣೆದಿರುವುದು ಅಂದಕ್ಕಲ್ಲ. ಪಕ್ಕದ ಎಳೆಗಳ ಮತ್ತು ಹೊರಗಿನ ವಿದ್ಯುತ್ತಿನ ಅಡಚಣೆ ಆ ಹೆಣಿಗೆಯಿಂದ ಕಡಿಮೆಯಾಗುತ್ತದೆ. ಪ್ಲಗ್ ಹಾಕುವವರು ಅವಸರದಲ್ಲಿ ಎರಡು ಮೂರು ಅಂಗುಲ ಹೆಣಿಗೆ ಬಿಚ್ಚಿ ಜೋಡಿಸಿದ್ದರೆ ಸಂಪರ್ಕ ಬರುತ್ತದೆ, ಆದರೆ ಕುಂಟುತ್ತದೆ. ಎಳೆಗಳ ಬಣ್ಣದ ಕ್ರಮಕ್ಕೂ ನಿಯಮವಿದೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರಿನ ಜೋಡಿಯ ನಡುವೆ ನೀಲಿ ಜೋಡಿ ಕುಳಿತಿರುವುದನ್ನು ಕಂಡು ಇದು ತಪ್ಪೆಂದು ಭಾವಿಸಿ 'ಸರಿಪಡಿಸಿದರೆ' ಕೆಲಸ ಕೆಡುತ್ತದೆ. ಎಂಟು ಎಳೆಗಳಲ್ಲಿ ನೀಲಿಯದೋ ಕಂದಿನದೋ ಒಂದೇ ಎಳೆ ತುಂಡಾದರೆ ಸಂಪರ್ಕ ಪೂರ್ತಿ ನಿಲ್ಲದೆ, ಸೆಕೆಂಡಿಗೆ 1000 ಮೆಗಾಬಿಟ್ ವೇಗದಿಂದ 100 ಮೆಗಾಬಿಟ್‌ಗೆ ಇಳಿದು ಸಾಗಬಹುದು, ಏಕೆಂದರೆ ಕಡಿಮೆ ವೇಗಕ್ಕೆ ಕಿತ್ತಳೆ ಮತ್ತು ಹಸಿರು ಜೋಡಿಗಳೆರಡೇ ಸಾಕು. ಒಂದೇ ತಂತಿಯ ಉದ್ದ 100 ಮೀಟರ್ ಮೀರಬಾರದು.

ಖರೀದಿಯ ಸಮಯದಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಮಾರುಕಟ್ಟೆಯಲ್ಲಿ ಅಗ್ಗಕ್ಕೆ ಸಿಗುವ ಕೆಲವು ತಂತಿಗಳಲ್ಲಿ ಒಳಗಿರುವುದು ಅಲ್ಯೂಮಿನಿಯಂ, ಮೇಲೆ ತಾಮ್ರದ ತೆಳುವಾದ ಲೇಪ. ನೋಡಲು ವ್ಯತ್ಯಾಸ ತಿಳಿಯದು. ಎಳೆಯ ತುದಿಯನ್ನು ಚಾಕುವಿನಿಂದ ಕೆರೆದರೆ ಬೆಳ್ಳಗೆ ಕಾಣುತ್ತದೆ. ನಾಲ್ಕಾರು ಬಾರಿ ಬಗ್ಗಿಸಿದರೆ ಮುರಿಯುತ್ತದೆ. ದರಪಟ್ಟಿ ಕರೆಯುವಾಗ 'ಶುದ್ಧ ತಾಮ್ರದ ಕ್ಯಾಟ್-6 ತಂತಿ' ಎಂದು ಸ್ಪಷ್ಟವಾಗಿ ಬರೆಯದಿದ್ದರೆ, ಕಡಿಮೆ ದರ ನಮೂದಿಸಿದವರೇ ಗೆಲ್ಲುತ್ತಾರೆ ಮತ್ತು ಎರಡು ವರ್ಷದ ಬಳಿಕ ಅದೇ ಕೆಲಸಕ್ಕೆ ಮತ್ತೊಂದು ಬಿಲ್ಲು ಸಭೆಯ ಮುಂದೆ ಬರುತ್ತದೆ.

ಪೂರ್ತಿ ಸತ್ತ ತಂತಿಯನ್ನು ಹುಡುಕುವುದು ಸುಲಭ. ಬಂದು ಹೋಗುವ ದೋಷ ಮಾತ್ರ ಎಂಥವರನ್ನೂ ದಣಿಸುತ್ತದೆ. ನಾಲ್ಕು ಕಂಪ್ಯೂಟರುಗಳಿರುವ ಒಂದು ಕಚೇರಿಯನ್ನು ಊಹಿಸಿಕೊಳ್ಳಬಹುದು. ಕರ ವಸೂಲಿಗಾರರ ಮೇಜಿನ ಕಂಪ್ಯೂಟರಿಗೆ ದಿನವೂ ಬೆಳಿಗ್ಗೆ ಸಂಪರ್ಕವಿರುತ್ತದೆ. ಹನ್ನೊಂದರ ಸುಮಾರಿಗೆ, ಜನ ಸೇರುವ ಹೊತ್ತಿಗೆ ಸರಿಯಾಗಿ, ಹೋಗುತ್ತದೆ. ಊಟದ ವೇಳೆಗೆ ಮರಳಿ ಬರುತ್ತದೆ. ಜನ ಹೆಚ್ಚಾದಾಗ ಸರ್ವರ್ ಮೇಲೆ ಒತ್ತಡ ಬೀಳುತ್ತದೆ ಎಂಬ ವಿವರಣೆಯನ್ನು ಎಲ್ಲರೂ ಒಪ್ಪುತ್ತಾರೆ, ಕೇಳಲು ಅದು ಸಮಂಜಸವಾಗಿಯೇ ಇದೆ. ಪಕ್ಕದ ಮೇಜಿನ ಕಂಪ್ಯೂಟರ್ ಅದೇ ಸರ್ವರಿನೊಡನೆ ಅದೇ ವೇಳೆಯಲ್ಲಿ ನಿರಾತಂಕವಾಗಿ ವ್ಯವಹರಿಸುತ್ತಿರುವುದನ್ನು ಮಾತ್ರ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಿಸಲಾಗುತ್ತದೆ. ಹೊಸ ಆ್ಯಂಟಿವೈರಸ್ ಬರುತ್ತದೆ. ಕೊನೆಗೆ ಯಂತ್ರ ಹಳೆಯದಾಯಿತು, ಹೊಸದನ್ನೇ ಕೊಳ್ಳೋಣವೆಂಬ ಪ್ರಸ್ತಾವ ಸಿದ್ಧವಾಗುತ್ತದೆ.

ಅಷ್ಟರಲ್ಲಿ ದತ್ತಾಂಶ ನಮೂದು ಸಹಾಯಕರು ಒಂದು ಹಾಳೆಯಲ್ಲಿ ಸಂಪರ್ಕ ಹೋದ ಮತ್ತು ಬಂದ ವೇಳೆಯನ್ನು ಎರಡು ವಾರ ಬರೆದಿಡುತ್ತಾರೆ. ಹೋಗುವುದು ಹನ್ನೊಂದಕ್ಕೆ, ಬರುವುದು ಒಂದೂವರೆಗೆ. ಎರಡನೆಯ ಶನಿವಾರದ ರಜೆಯಂದು ಬಾಕಿ ಕೆಲಸಕ್ಕೆ ಬಂದಾಗ ಮಾತ್ರ ದಿನವಿಡೀ ತೊಂದರೆಯಿಲ್ಲ. ಹಾಳೆಯನ್ನು ಓದಿ ಹೇಳಿದಾಗ ಕಚೇರಿ ಗುಡಿಸುವ ಮಹಿಳೆ, ಹನ್ನೊಂದಕ್ಕಲ್ಲವೇ ದಾಖಲೆ ಕೊಠಡಿಯ ಬಾಗಿಲು ತೆಗೆಯುವುದು ಎನ್ನುತ್ತಾರೆ. ಬಾಗಿಲ ಹಿಂದೆ ನೋಡಿದರೆ ತಂತಿ ಹೊಸ್ತಿಲ ಬಳಿ ಹಾದುಹೋಗಿದೆ. ಬಾಗಿಲು ಪೂರ್ತಿ ತೆರೆದಾಗ ಅದರ ಕೆಳತುದಿ ತಂತಿಯನ್ನು ಗೋಡೆಗೆ ಒತ್ತುತ್ತದೆ. ಹೊರಪೊರೆ ಹಾಗೆಯೇ ಇದೆ, ಒಳಗೆ ಒಂದು ಎಳೆ ಮುರಿದಿದೆ. ಒತ್ತಿದಾಗ ಮುರಿದ ತುದಿಗಳು ದೂರವಾಗುತ್ತವೆ, ಬಾಗಿಲು ಮುಚ್ಚಿದಾಗ ಮತ್ತೆ ತಾಗಿಕೊಳ್ಳುತ್ತವೆ. ಹದಿನೈದು ಮೀಟರ್ ಹೊಸ ತಂತಿ, ಎರಡು ಪ್ಲಗ್, ಗೋಡೆಯ ಮೇಲ್ಭಾಗದಲ್ಲಿ ಒಂದು ಪಿವಿಸಿ ಪಟ್ಟಿ, ಇಷ್ಟರಲ್ಲಿ ಕೆಲಸ ಮುಗಿಯುತ್ತದೆ. ಅಷ್ಟು ದಿನ ರಸೀದಿ ಸಿಗದೆ ಹಿಂದಿರುಗಿದವರ ಲೆಕ್ಕವನ್ನು ಯಾವ ಬಿಲ್ಲಿನಲ್ಲೂ ತೋರಿಸಿರುವುದಿಲ್ಲ.

ಬಾಗಿಲು, ಕುರ್ಚಿಯ ಗಾಲಿ, ಕಡತದ ಕಪಾಟು, ಇಲಿ, ಸುಣ್ಣ ಬಳಿಯುವವರ ಏಣಿ: ತಂತಿಗೆ ಶತ್ರುಗಳು ಇವರೇ. ಮೋಟಾರಿನ ಅಥವಾ ಮೂರು ಫೇಸಿನ ವಿದ್ಯುತ್ ತಂತಿಯೊಡನೆ ಒಂದೇ ಕೊಳವೆಯಲ್ಲಿ ಜಾಲದ ತಂತಿಯನ್ನು ಎಳೆಯುವುದೂ ತಪ್ಪು. ಅದು ಸಂಕೇತಕ್ಕೆ ಅಡಚಣೆಯಷ್ಟೇ ಅಲ್ಲ, ಹೊದಿಕೆ ಸವೆದರೆ ಪ್ರಾಣಕ್ಕೂ ಅಪಾಯ. ಒಂದಡಿಯ ಅಂತರವಿಟ್ಟು, ದಾಟಲೇಬೇಕಾದಲ್ಲಿ ಅಡ್ಡವಾಗಿ ದಾಟಿಸಬೇಕು.

ದೀಪಗಳು ಉರಿಯುತ್ತಿವೆ, ತಂತಿ ಸರಿಯಿದೆ, ಆದರೂ ಸಂಪರ್ಕವಿಲ್ಲ. ಆಗ ನೋಡಬೇಕಾದುದು ವಿಳಾಸವನ್ನು. ಊರಿನ ಪ್ರತಿ ಮನೆಗೂ ಒಂದು ಆಸ್ತಿ ಸಂಖ್ಯೆ ಇರುವಂತೆ ಜಾಲದ ಪ್ರತಿ ಯಂತ್ರಕ್ಕೂ ಒಂದು ಐಪಿ ಸಂಖ್ಯೆ ಇರುತ್ತದೆ, ಉದಾಹರಣೆಗೆ 192.168.1.15. ಸಾಮಾನ್ಯವಾಗಿ ರೌಟರ್ ಈ ಸಂಖ್ಯೆಯನ್ನು ತಾನೇ ಹಂಚುತ್ತದೆ. ಐಪಿಕಾನ್ಫಿಗ್ ಎಂಬ ಆದೇಶ ನೀಡಿದರೆ ಕಂಪ್ಯೂಟರ್ ತನ್ನ ಸಂಖ್ಯೆಯನ್ನು ತೋರಿಸುತ್ತದೆ. ಅದು 169.254 ಎಂದು ಆರಂಭವಾಗಿದ್ದರೆ, ಕಂಪ್ಯೂಟರ್ ಸಂಖ್ಯೆ ಕೇಳಿದೆ, ಯಾರೂ ಕೊಟ್ಟಿಲ್ಲ, ತಾನೇ ಒಂದನ್ನು ಇಟ್ಟುಕೊಂಡಿದೆ ಎಂದು ತಿಳಿಯಬೇಕು. ಎರಡು ಯಂತ್ರಗಳಿಗೆ ಒಂದೇ ಸಂಖ್ಯೆ ಬಿದ್ದರೆ ಒಂದೇ ಆಸ್ತಿ ಸಂಖ್ಯೆಗೆ ಎರಡು ಖಾತೆಗಳಾದಾಗ ಏನಾಗುವುದೋ ಅದೇ ಆಗುತ್ತದೆ. ಪ್ರಿಂಟರಿಗೆ ಯಾರೋ ಕೈಯಾರೆ ಒಂದು ಸಂಖ್ಯೆ ಕೊಟ್ಟು ಮರೆತಿರುತ್ತಾರೆ. ರೌಟರ್ ಅದೇ ಸಂಖ್ಯೆಯನ್ನು ಹೊಸ ಕಂಪ್ಯೂಟರಿಗೆ ಹಂಚುತ್ತದೆ. ಎರಡೂ ಒಟ್ಟಿಗೆ ಚಾಲೂ ಇದ್ದಾಗ ಮಾತ್ರ ಜಗಳ. ಕೈಯಾರೆ ಕೊಟ್ಟ ಸಂಖ್ಯೆಗಳನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದರೆ ಈ ವ್ಯಾಜ್ಯ ಹುಟ್ಟುವುದೇ ಇಲ್ಲ.

ಪಿಂಗ್ ಎಂಬ ಇನ್ನೊಂದು ಆದೇಶವಿದೆ. ಇದು ಕತ್ತಲಲ್ಲಿ ಹೆಸರು ಹಿಡಿದು ಕೂಗಿ ಓಗೊಡುವರೇ ಎಂದು ಕೇಳಿಸಿಕೊಂಡಂತೆ. ಮೊದಲು ರೌಟರಿನ ಸಂಖ್ಯೆಗೆ ಕೂಗಬೇಕು. ಓಗೊಟ್ಟರೆ ಕಚೇರಿಯ ಒಳಗಿನ ಜಾಲ ಸರಿಯಿದೆ. ನಂತರ 8.8.8.8 ಎಂಬ ಹೊರಗಿನ ಸಂಖ್ಯೆಗೆ. ಅದೂ ಓಗೊಟ್ಟರೆ ಹೊರಗಿನ ಸಂಪರ್ಕವೂ ಇದೆ. ಇಷ್ಟಾಗಿಯೂ ಜಾಲತಾಣದ ಹೆಸರು ಟೈಪಿಸಿದರೆ ಮಾತ್ರ ತೆರೆಯದಿದ್ದರೆ, ಹೆಸರನ್ನು ಸಂಖ್ಯೆಯಾಗಿ ಬದಲಿಸುವ ಡಿಎನ್‌ಎಸ್ ವ್ಯವಸ್ಥೆಯಲ್ಲಿ ತೊಡಕಿದೆ. ಬೇರೆ ಎಲ್ಲ ತಾಣಗಳೂ ತೆರೆದು ಇ-ಸ್ವತ್ತು ಅಥವಾ ಪಂಚತಂತ್ರ ಒಂದೇ ತೆರೆಯದಿದ್ದರೆ, ಆಗ ಮಾತ್ರ, 'ಸರ್ವರ್ ಡೌನ್' ಎಂಬ ಮಾತಿಗೆ ಆಧಾರವಿದೆ.

ಆಗಲೂ ಒಂದು ಎಚ್ಚರಿಕೆ. ಕಂಪ್ಯೂಟರಿನ ದಿನಾಂಕವನ್ನೊಮ್ಮೆ ನೋಡಬೇಕು. ಒಳಗಿರುವ ನಾಣ್ಯದಾಕಾರದ ಬ್ಯಾಟರಿ ಮುಗಿದಾಗ ಯಂತ್ರ ಹಲವು ವರ್ಷ ಹಿಂದಿನ ದಿನಾಂಕಕ್ಕೆ ಮರಳುತ್ತದೆ. ಸುರಕ್ಷಿತ ಜಾಲತಾಣಗಳ ಪ್ರಮಾಣಪತ್ರ ಆ ದಿನಾಂಕಕ್ಕೆ ಹೊಂದದೆ ಬ್ರೌಸರ್ ತೆರೆಯಲು ನಿರಾಕರಿಸುತ್ತದೆ. ಹಾಗೆಯೇ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳ ಡಿಜಿಟಲ್ ಸಹಿಯ ಡಾಂಗಲ್ ಅವಧಿ ಮುಗಿದಿದ್ದರೆ ಅಥವಾ ಅದರ ಡ್ರೈವರ್ ಕೆಟ್ಟಿದ್ದರೆ ಸಹಿ ಬೀಳುವುದಿಲ್ಲ. ಇವೆರಡೂ ಜಾಲದ ದೋಷಗಳಲ್ಲ, ಆದರೂ ಕಿಟಕಿಯ ಹೊರಗೆ ನಿಂತವರಿಗೆ ಹೇಳುವುದು ಅದೇ, 'ನೆಟ್ ಇಲ್ಲ'.

ಕಚೇರಿಯವರೇ ಅರಿಯದೆ ತಂದುಕೊಳ್ಳುವ ಎರಡು ತೊಂದರೆಗಳನ್ನು ಇಲ್ಲಿ ಹೇಳಬೇಕು. ಮೇಜಿನ ಕೆಳಗೆ ಒಂದು ತಂತಿಯ ತುದಿ ತೂಗಾಡುತ್ತಿರುವುದನ್ನು ಕಂಡು ಸದುದ್ದೇಶದಿಂದಲೇ ಯಾರೋ ಅದನ್ನು ಸ್ವಿಚ್ಚಿನ ಖಾಲಿ ಕಿಂಡಿಗೆ ಸಿಕ್ಕಿಸುತ್ತಾರೆ. ಅದರ ಇನ್ನೊಂದು ತುದಿಯೂ ಅದೇ ಸ್ವಿಚ್ಚಿನಲ್ಲಿದ್ದರೆ ಸಂದೇಶಗಳು ಗಾಣದ ಎತ್ತಿನಂತೆ ಸುತ್ತತೊಡಗಿ, ಕ್ಷಣಗಳಲ್ಲಿ ಇಡೀ ಜಾಲ ಉಸಿರುಗಟ್ಟುತ್ತದೆ. ಸ್ವಿಚ್ಚಿನ ಎಲ್ಲ ದೀಪಗಳೂ ಏಕಕಾಲಕ್ಕೆ ಹುಚ್ಚೆದ್ದು ಮಿನುಗುವುದು ಇದರ ಗುರುತು. ಆ ತಂತಿಯನ್ನು ಕಿತ್ತೊಡನೆ ಎಲ್ಲವೂ ಶಾಂತ. ಎರಡನೆಯದು, ಮೊಬೈಲಿಗೆ ವೈಫೈ ಬೇಕೆಂದು ಮನೆಯ ಹಳೆಯ ರೌಟರನ್ನು ತಂದು ಜೋಡಿಸುವುದು. ಅದನ್ನು ತಪ್ಪು ಕಿಂಡಿಯಲ್ಲಿ ಜೋಡಿಸಿದರೆ ಅದೂ ಸಂಖ್ಯೆಗಳನ್ನು ಹಂಚತೊಡಗುತ್ತದೆ. ಒಂದೂರಿಗೆ ಇಬ್ಬರು ಶಾನುಭೋಗರಾದಂತೆ. ಯಾರ ಬಳಿ ಬರೆಸಿಕೊಂಡವರ ಖಾತೆ ಊರ್ಜಿತವೆಂಬುದು ಆ ದಿನದ ಅದೃಷ್ಟ.

ಸಿಡಿಲಿನ ವಿಷಯ ಬೇರೆಯಾಗಿಯೇ ಹೇಳುವಷ್ಟು ಗಂಭೀರ. ಅಶ್ವಿನಿ, ಭರಣಿ ಮಳೆಗಳ ಹೊತ್ತಿನಲ್ಲಿ ಗುಡುಗು ಸಿಡಿಲಿನ ಆರ್ಭಟ ರಾಜ್ಯದ ಬಹುಭಾಗಕ್ಕೆ ಪರಿಚಿತ. ಸಿಡಿಲು ಕಟ್ಟಡದ ಮೇಲೆಯೇ ಎರಗಬೇಕೆಂದಿಲ್ಲ. ಸಮೀಪದಲ್ಲಿ ಬಿದ್ದರೂ ತಾಮ್ರದ ತಂತಿಯಲ್ಲಿ ಏರುವ ವಿದ್ಯುತ್ತು ಸ್ವಿಚ್ಚಿನ ಕಿಂಡಿಗಳನ್ನು, ಕಂಪ್ಯೂಟರಿನ ಮದರ್‌ಬೋರ್ಡನ್ನು ಸುಡುತ್ತದೆ. ಪಂಚಾಯಿತಿ ಕಚೇರಿಯಿಂದ ಪಕ್ಕದ ಕಟ್ಟಡದ ಅರಿವು ಕೇಂದ್ರಕ್ಕೆ ಬಯಲಿನಲ್ಲಿ, ಮರದ ಕೊಂಬೆಗೆ ಕಟ್ಟಿ ಎಳೆದ ತಾಮ್ರದ ತಂತಿ ಈ ಅಪಾಯಕ್ಕೆ ತೆರೆದ ಬಾಗಿಲು. ಎರಡು ಕಟ್ಟಡಗಳ ನಡುವೆ ಗಾಜಿನ ತಂತಿಯನ್ನೇ ಬಳಸಬೇಕು, ಅದು ವಿದ್ಯುತ್ತನ್ನು ಸಾಗಿಸುವುದಿಲ್ಲ. ಮೋಡ ಕವಿದ ಸಂಜೆ ಕಚೇರಿ ಮುಚ್ಚುವಾಗ ವಿದ್ಯುತ್ ಪ್ಲಗ್ಗಿನೊಡನೆ ಜಾಲದ ತಂತಿಯನ್ನೂ ಕಳಚಿಡಬೇಕು. ವಿದ್ಯುತ್ತನ್ನು ಮಾತ್ರ ಆರಿಸಿ ತಂತಿಯನ್ನು ಹಾಗೆಯೇ ಬಿಟ್ಟರೆ ರಕ್ಷಣೆ ಅರ್ಧ ಮಾತ್ರ. ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುವುದನ್ನು ಯಾರಾದರೊಬ್ಬರಿಗೆ ವಹಿಸಿರಬೇಕು. ಎಲ್ಲರ ಕೆಲಸವೆಂದು ಬಿಟ್ಟದ್ದು ಒಣಗಿಯೇ ಇರುತ್ತದೆ.

ಕಚೇರಿಯಲ್ಲಿ ಇರಬೇಕಾದ ಸಾಮಗ್ರಿ ಅಲ್ಪ. ಪ್ಲಗ್ ಹಾಕಿ ಸಿದ್ಧಪಡಿಸಿದ ಬೇರೆ ಬೇರೆ ಉದ್ದದ ಎರಡು ಮೂರು ತಂತಿಗಳು, ಒಂದು ಹೆಚ್ಚುವರಿ ಸ್ವಿಚ್, ಎಂಟು ಎಳೆಗಳನ್ನೂ ಪರೀಕ್ಷಿಸಿ ದೀಪ ತೋರಿಸುವ ಸಣ್ಣ ಟೆಸ್ಟರ್. ಪ್ರತಿ ತಂತಿಯ ಎರಡೂ ತುದಿಗೆ ಒಂದೇ ಅಂಕಿಯ ಚೀಟಿ ಅಂಟಿಸಿರಬೇಕು. ಇಲ್ಲವಾದರೆ ಹತ್ತು ಬಿಳಿ ತಂತಿಗಳ ಗೋಜಲಿನಲ್ಲಿ ಯಾವುದು ಯಾರದೆಂದು ಹುಡುಕುವುದರಲ್ಲೇ ಮಧ್ಯಾಹ್ನ ಕಳೆಯುತ್ತದೆ.

ಎಲ್ಲಕ್ಕಿಂತ ಉಪಯುಕ್ತವಾದುದು ಒಂದು ಪುಸ್ತಕ. ಸಂಪರ್ಕ ಹೋದ ದಿನಾಂಕ ಮತ್ತು ವೇಳೆ, ಒಂದಕ್ಕೋ ಎಲ್ಲಕ್ಕೋ, ಒಎನ್‌ಟಿಯಲ್ಲಿ ಯಾವ ದೀಪ ಹೇಗಿತ್ತು, ದೂರು ನೀಡಿದ್ದರೆ ಅದರ ಸಂಖ್ಯೆ, ಮರಳಿ ಬಂದ ವೇಳೆ, ಕಂಡುಬಂದ ಕಾರಣ, ಅಂದು ಹಿಂದಿರುಗಿದ ಅರ್ಜಿದಾರರ ಸಂಖ್ಯೆ. ಸೇವೆ ನೀಡುವ ಸಂಸ್ಥೆಯೊಡನೆ ವಾದಿಸಬೇಕಾದಾಗ 'ಯಾವಾಗಲೂ ಹೋಗುತ್ತದೆ' ಎಂಬ ಮಾತಿಗೆ ಬೆಲೆಯಿಲ್ಲ; ಕಳೆದ ತಿಂಗಳ ಹದಿನಾಲ್ಕು ನಮೂದುಗಳಿಗೆ ಇದೆ. ಹೊಸ ಕಂಪ್ಯೂಟರ್ ಖರೀದಿಯ ಪ್ರಸ್ತಾವ ಸಭೆಗೆ ಬಂದಾಗ ಸದಸ್ಯರು ಈ ಪುಸ್ತಕವನ್ನು ತರಿಸಿ, ತಂತಿ ಅದಲುಬದಲು ಮಾಡಿ ನೋಡಿದ ದಿನಾಂಕ ಯಾವುದೆಂದು ಕೇಳಬಹುದು. ಕೊನೆಯ ಕಲಂ, ಎಂದರೆ ಹಿಂದಿರುಗಿದವರ ಸಂಖ್ಯೆಯನ್ನು, ಪ್ರತಿ ಸಾಮಾನ್ಯ ಸಭೆಯಲ್ಲಿ ಓದಿಸಿ ನಡಾವಳಿಯಲ್ಲಿ ದಾಖಲಿಸುವುದು ಸೂಕ್ತ. ಪುಸ್ತಕ ಬರೆಯುವ ಹೊಣೆ ದತ್ತಾಂಶ ನಮೂದು ಸಹಾಯಕರದು. ಅವರು ರಜೆಯಲ್ಲಿರುವ ದಿನ ಯಾರದೆಂಬುದನ್ನು ಮುಂದಿನ ಸಭೆಯಲ್ಲಿಯೇ ನಿಗದಿಪಡಿಸಬೇಕು.